ಚಿಕ್ಕಮ್ಮನಿಗೆ ಸಿಗದ ಕೋಣೆ

ಅಮ್ಮಾ,

ನೀನು ಕಟ್ಟಿದ ವೃದ್ಧಾಶ್ರಮದಲ್ಲಿ ಇವತ್ತು ಟ್ರಸ್ಟಿಗಳ ಸಭೆ ಇತ್ತು. ಖಾಲಿಯಾಗಿರುವುದು ಒಂದೇ ಕೋಣೆ. ಕೇಳಿದವರು ಇಬ್ಬರು: ಬಹಳ ದಿನದಿಂದ ಕಾದಿದ್ದ ಟೈಲರಜ್ಜಿ ಮತ್ತು ನಿನ್ನ ತಂಗಿ.

ಬಿದ್ದು ಸೊಂಟ ಮುರಿದುಕೊಂಡ ಮೇಲೆ ಚಿಕ್ಕಮ್ಮ ಒಬ್ಬಳೇ ಇರಲಾರಳು. "ನಮ್ಮಕ್ಕ ಕಟ್ಟಿದ್ದು. ನೀನು ಹೂಂ ಅಂದ್ರೆ ಮುಗೀತು," ಅಂದಿದ್ದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಇವತ್ತು ಅದರ ಮಾತು ಬಂದಾಗ, "ಅವರು ನನ್ನ ಚಿಕ್ಕಮ್ಮ. ಈ ತೀರ್ಮಾನದಲ್ಲಿ ನಾನಿರಬಾರದು," ಎಂದು ಹೇಳಿ ಸಭೆಯಿಂದೆದ್ದು ವರಾಂಡದಲ್ಲಿ ಕೂತೆ.

ಒಳಗೆ ಯಾರೋ, "ಕಟ್ಟಿಸಿದವರ ತಂಗಿ ಅಲ್ವೇ?" ಅಂದರು.

"ಹಾಗಂತ ಇದು ಮನೆತನದ ಆಸ್ತಿ ಅಲ್ಲ. ನಾವು ಬರೀ ಕಾವಲಿನವರು," ಅಂದರು ಟ್ರಸ್ಟಿಗಳಲ್ಲಿ ಒಬ್ಬರಾದ ಡಾಕ್ಟರು. ಕೋಣೆ ಟೈಲರಜ್ಜಿಗೆ ಹೋಯಿತು. ಅದೇ ಸರಿ.

ಸುದ್ದಿ ಹೇಳಲು ನಾನೇ ಹೋದೆ. ಚಿಕ್ಕಮ್ಮ ಗೋಡೆ ಕಡೆ ಮುಖ ತಿರುಗಿಸಿದಳು. "ನಿಮ್ಮಮ್ಮ ಇದ್ದಿದ್ರೆ ಹೀಗಾಗ್ತಿರಲಿಲ್ಲ."

"ಅದು ಟ್ರಸ್ಟಿನ ಮಾತು, ಚಿಕ್ಕಮ್ಮ. ನಮ್ಮನೇಲಿ ಸಭೆ ಗಿಭೆ ಏನಿಲ್ಲ. ನಡಿ, ಹೋಗೋಣ."

ಅವಳು ಮುಖ ಈ ಕಡೆ ತಿರುಗಿಸಿದಳು. "ಈ ಮಾತು ಆಡೋಕೆ ನಿಮ್ಮನೆಯವರಿಗೆ ಇಷ್ಟು ವರ್ಷ ಬೇಕಾಯ್ತಾ?" ಎಂದಳು.

ನಾನು ಅವಳ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಾ ಹೋದೆ.

ಈಗ ನಿನ್ನ ಕೋಣೆಯಲ್ಲಿ, ನಿನ್ನ ಮಂಚದ ಮೇಲೇ ಮಲಗಿದ್ದಾಳೆ. ನಿನ್ನ ಫೋಟೊ ನೋಡುತ್ತಾ ಏನೋ ಹೇಳುತ್ತಿದ್ದಳು. ಅಕ್ಕತಂಗಿಯರ ಮಾತು, ನನಗೇಕೆ ಎಂದು ಬಾಗಿಲು ಮುಂದೆ ಮಾಡಿ ಬಂದೆ.