ಕೊಕ್ಕರೆಯ ಕೆಮ್ಮು

ಸ್ಟುಡಿಯೋ, ಚಿತ್ರ ಬಿಡಿಸುವ ಕೋಣೆ
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗಂಟಲು ಹೇಗಿದೆ? ಹೊಸ ಊರಿನ ನೀರು ಒಗ್ಗಿತೇ? ಬಿಸಿನೀರು ಕುಡಿ ಎಂದರೆ ನೀನು ಯಾವತ್ತು ಕೇಳಿದ್ದೀಯ, ಆದರೂ ಹೇಳಿದ್ದೇನೆ. ನಿನ್ನ ಹಳೆಯ ನಂಬರು ಹತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ವಿಳಾಸ ಕೊಟ್ಟವರು ನಮ್ಮ ರೆಕಾರ್ಡಿಂಗ್‌ನವರು. ಅವರ ಮೇಲೆ ರೇಗಬೇಡ, ನಾನೇ ಪ್ರಾಣ ತಿಂದು ಇಸಿದುಕೊಂಡೆ. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಇದ್ದದ್ದೇ. ನೀನು ಕೆಲಸ ಬಿಟ್ಟ ವಿಷಯ ಅವಳಿಗೆ ಹೇಳಿಲ್ಲ.

ನೀನು ದನಿ ಕೊಡುತ್ತಿದ್ದ ಕೊಕ್ಕರೆ ಇನ್ನೂ ಬದುಕಿದೆ. ಹೆಂಡತಿ ಬಿಟ್ಟುಹೋದ, ಕುಡಿದು ಕಂಡವರ ಮೇಲೆಲ್ಲ ಜಗಳಕ್ಕೆ ಹೋಗುವ ಆ ಲಿಫ್ಟ್ ರಿಪೇರಿ ಹಕ್ಕಿಗೆ ನೀನಿಲ್ಲದೆಯೂ ಬಾಯಿ ಬಂದಿದೆ. ದೊಡ್ಡವರ ಕಾರ್ಟೂನುಗಳ ನಾಯಕರೆಲ್ಲ ಹೀಗೆ ಒಂಟಿಪಿಶಾಚಿಗಳೇ ಏಕೆ ಎಂದು ಮೊನ್ನೆ ನಿರ್ದೇಶಕರನ್ನು ಕೇಳಿದೆ. ಸುಖವಾಗಿರುವವನನ್ನು ಇಟ್ಟುಕೊಂಡು ಎರಡು ಕಂತು ಎಳೆಯುವುದೂ ಕಷ್ಟ ಎಂದರು. ಹಾಗಾದರೆ ನಮ್ಮ ಮನೆಯವರನ್ನು ಇಟ್ಟುಕೊಂಡು ಜೀವಮಾನವಿಡೀ ಎಳೆಯಬಹುದು ಎಂದುಕೊಂಡೆ.

ನೀನು ಎದ್ದುಹೋದದ್ದಕ್ಕೆ ನನಗೆ ಕೋಪವಿಲ್ಲ. ಅತ್ತಿಗೆ ಮನೆ ಬಿಟ್ಟಾಗ ನೀನು ಕಥೆಗಾರನ ಮುಂದೆ ಅತ್ತುಕೊಂಡು ಹೇಳಿದ್ದನ್ನು ಆ ಪುಣ್ಯಾತ್ಮ ಒಂದಕ್ಷರ ಬದಲಿಸದೆ ಕೊಕ್ಕರೆಯ ಬಾಯಿಗೆ ಹಾಕಿದ್ದ: “ಅವಳ ಹಲ್ಲುಜ್ಜೋ ಬ್ರಷ್ ಒಣಗಬಾರದು ಅಂತ ದಿನಾ ನೀರಲ್ಲಿ ಅದ್ದಿ ಇಡ್ತೀನಿ.” ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಇನ್ನೊಮ್ಮೆ, ಸ್ವಲ್ಪ ಅಳು ಬೆರೆಸಿ ಹೇಳಿ ಎಂದರು ನಿರ್ದೇಶಕರು. ನೀನು ಹೆಡ್‌ಫೋನ್ ತೆಗೆದಿಟ್ಟು ಹೊರಟುಹೋದೆ. ಆ ಮಾತು ನಿನ್ನದೇ ಎಂದು ಆಮೇಲೆ ಗೊತ್ತಾಯಿತು. ಕಥೆಗಾರ ಈಗ ಆ ಸಾಲನ್ನು ಕಿತ್ತುಹಾಕಿದ್ದಾನೆ. ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ ಅರ್ಧ ಕಾಫಿಗೇ ಏಳುತ್ತಾನೆ.

ನಿನ್ನ ಜಾಗಕ್ಕೆ ಬಂದವನು ಒಳ್ಳೆಯ ಮನುಷ್ಯ. ಥೇಟ್ ನಿನ್ನ ಹಾಗೆಯೇ ಮಾತಾಡುತ್ತಾನೆ, ಹಾಗೆಯೇ ಕೆಮ್ಮುತ್ತಾನೆ. ಆ ಕೆಮ್ಮು ಹುಟ್ಟಿದ್ದು ನೆನಪಿದೆಯಲ್ಲ? ಮೊದಲ ಕಂತಿನಲ್ಲಿ ನೀನು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡದ್ದನ್ನು ಕತ್ತರಿಸಲು ಮರೆತರು. ನಿನ್ನ ದನಿ ಕೇಳಿಕೊಂಡೇ ಕೊಕ್ಕಿನ ಚಿತ್ರ ಬಿಡಿಸುವವಳು ನಾನು. ಪೆದ್ದಿಯ ಹಾಗೆ ಕೆಮ್ಮಿಗೂ ಕೊಕ್ಕು ತೆರೆದು ಮುಚ್ಚಿಸಿದೆ. ಈಗ ಬಸ್ಸಿನಲ್ಲಿ ಕಾಲೇಜಿನವರು ಹಾಗೆ ಕೆಮ್ಮಿ ನಗುತ್ತಾರೆ. ಹೊಸಬನ ದನಿಗೆ ಕೊಕ್ಕು ಬಿಡಿಸುವಾಗ ನನ್ನ ಕೈ ಎಲ್ಲೂ ತಡವರಿಸಲಿಲ್ಲ. ಸ್ಟುಡಿಯೋದಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ. ಇದನ್ನು ಬರೆಯಲು ನನಗೆ ಬೇಸರವೇ ಆಗುತ್ತಿದೆ.

ಅಮ್ಮ ಒಂದು ಕಂತನ್ನೂ ಬಿಟ್ಟವಳಲ್ಲ. ಪೋಲಿ ಮಾತು ಬಂದಾಗ ಟಿವಿಯ ಸದ್ದು ತಗ್ಗಿಸುತ್ತಾಳೆ, ಮುಗಿದಿರಬಹುದು ಎಂದು ಅಂದಾಜಿನ ಮೇಲೆ ಏರಿಸುತ್ತಾಳೆ. ಅಂದಾಜು ತಪ್ಪಿ ಪಕ್ಕದ ಮನೆಯವರ ಎದುರು ಮಾನ ಹೋದದ್ದೂ ಉಂಟು. ಕಥೆ ಅವಳಿಗೆ ಬೇಕಿಲ್ಲ. ಫೋನ್ ಮಾಡುವ ಅಭ್ಯಾಸ ನಿನಗೆ ಮೊದಲೇ ಇಲ್ಲ, ವಾರಕ್ಕೊಮ್ಮೆ ಟಿವಿಯಲ್ಲಿ ಮಗ ಮಾತಾಡುತ್ತಾನಲ್ಲ, ಅಷ್ಟೇ ಸಾಕು ಎನ್ನುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಬ್ರಷ್ಷನ್ನು ಅಲ್ಲಿಗೂ ಒಯ್ದಿದ್ದರೆ ಇರಲಿ ಬಿಡು, ನಾನು ಏನೂ ಅನ್ನುವುದಿಲ್ಲ.

ನಿನ್ನ ತಂಗಿ,
ಕಡ್ಡಿ

ತಾ.ಕ.: ಅಮ್ಮ ಚೆನ್ನಾಗಿದ್ದಾಳೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಹೊಸಬನ ಮೊದಲ ಕಂತು ನಿನ್ನೆ ಬಂತು. ಕೊಕ್ಕರೆ ಕೆಮ್ಮಿದ್ದೇ ತಡ, ಅಮ್ಮ ಟಿವಿ ಆರಿಸಿದಳು. “ಇದು ಅವನಲ್ಲ. ಅವನಿಗೆ ಏನಾಗಿದೆ ಹೇಳು” ಎಂದಳು. ನೆಗಡಿ ಎಂದೆ, ನಂಬಲಿಲ್ಲ. ಆಗಿನಿಂದ ಊಟ ಬಿಟ್ಟು ಫೋನಿನ ಪಕ್ಕದಲ್ಲೇ ಕೂತಿದ್ದಾಳೆ. ಇದು ಕೈಸೇರಿದ ಕೂಡಲೇ ಫೋನ್ ಮಾಡು. ಏನು ಹೇಳುವುದು ಎಂದು ಯೋಚಿಸಬೇಡ, ಒಮ್ಮೆ ಗಂಟಲು ಸರಿಮಾಡಿಕೊ, ಸಾಕು. ಉಳಿದದ್ದನ್ನೆಲ್ಲ ಅವಳೇ ಮಾತಾಡುತ್ತಾಳೆ.