ತಮ್ಮ ಬದುಕುಳಿದ ಸಿನಿಮಾ

ಟಿಲ್‌ಬರ್ಗ್, ಮೇ ೨೦೨೦

ತೀರ್ಥರೂಪ ಅಪ್ಪನವರಿಗೆ ಸ್ವಪ್ನಾಳ ನಮಸ್ಕಾರ.

ಲಾಕ್‌ಡೌನಿನಿಂದ ಶಾಲೆ ಮುಚ್ಚಿದೆ. ನಿಮ್ಮ ಮೊಮ್ಮಗಳು ಅಮೂಲ್ಯಾ ದಿನವೂ ನಮ್ಮ ಹಾಡುವ ಮನೆತನದ ಮೇಲೆ ತೆಗೆದ ಆ ಸಿನಿಮಾ ನೋಡುತ್ತಾಳೆ. ಅದರಲ್ಲಿ ಜ್ವರ ಬಂದ ಮಗನನ್ನು ಅಪ್ಪ ಮಡಿಲಲ್ಲಿ ಮಲಗಿಸಿಕೊಂಡು ಹಾಡುತ್ತಾನೆ, ಮಗ ಉಳಿಯುತ್ತಾನೆ.

“ಅಜ್ಜಾ ಎಷ್ಟ್ ಛಲೋ ಅದಾನ! ಫೋನ್ ಹಚ್ಚಿ ಕೊಡವ್ವಾ” ಎಂದಳು.

ನನ್ನ ತಮ್ಮ ಸಿದ್ಧಾರೂಢನ ಮೈ ಸುಡುತ್ತಿದ್ದಾಗ ನೀವು, “ಮಂದಿ ಕುಂತಾರ, ಏಳಲೇ, ಹಾಡು” ಎಂದು ಅವನನ್ನು ವೇದಿಕೆಗೆ ದೂಡಿದಿರಿ. ಮೂರನೆಯ ದಿನ ಅವನು ಸತ್ತ. ಇದನ್ನು ಎಂಟು ವರ್ಷದ ಮಗುವಿಗೆ ಹೇಳಲಾಗಲಿಲ್ಲ. ನೀವು ಕೊರೊನಾದಿಂದ ತೀರಿಹೋದಿರಿ ಎಂದೆ. ಸ್ವಲ್ಪ ಅತ್ತಳು, ಆಮೇಲೆ ಊಟ ಮಾಡಿದಳು.

ದಯವಿಟ್ಟು ಇನ್ನು ಫೋನ್ ಮಾಡಬೇಡಿ.

ಇಂತಿ,
ಸ್ವಪ್ನಾ