ಬಾವಿ ತಿರುವಿನ ಗುಂಡಿ

ಅಕ್ಕಾ,

ಹೋದ ವರ್ಷ ನೀನು ಹೋದಮೇಲೆ ಇವತ್ತು ಬೆಳಿಗ್ಗೆಯೇ ಮೊದಲ ಸಲ ಕೋಟೆಯ ಹಳೇ ರಸ್ತೆಗೆ ಸೈಕಲ್ ಇಳಿಸಿದೆ. ಕಾರು, ಬೈಕು ಒಳಗೆ ಬಿಡುವುದಿಲ್ಲ, ಈಗಲೂ. ಗೇಟಿನಲ್ಲಿದ್ದ ಹೊಸ ಕಾವಲುಗಾರ, "ಒಬ್ರೇನಾ ಸರ್?" ಅಂದ.

"ಇಲ್ಲಪ್ಪ, ಅಕ್ಕ ಹಿಂದೆ ಬರ್ತಿದ್ದಾಳೆ." ಬಾಯಿ ತಪ್ಪಿ ಬಂದುಬಿಟ್ಟಿತು.

ನಮ್ಮ ನಿಯಮ ನೆನಪಿದೆಯಲ್ಲ? ಮುಂದಿರುವವರು "ಗುಂಡಿ!" ಅಂತ ಕೂಗಬೇಕು, ಹಿಂದಿರುವವರು "ಕಂಡೆ!" ಅನ್ನಬೇಕು. ಪಾಳುಬಿದ್ದ ಬುರುಜಿನ ಹತ್ತಿರ ಅಭ್ಯಾಸಬಲದಿಂದ "ಗುಂಡಿ!" ಅಂದೆ.

"ಕಂಡೆ!"

ಗೋಡೆಗೆ ಬಡಿದು ಬಂದಿದ್ದರೆ ನನ್ನ ಮಾತೇ ವಾಪಸು ಬರಬೇಕಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಎರಡನೇ ಗುಂಡಿಗೂ ಉತ್ತರ ಬಂತು, ಇನ್ನಷ್ಟು ಹತ್ತಿರದಿಂದ. ಮೂರನೆಯದಕ್ಕೆ ನಿನ್ನ ಚೈನಿನ ಕಿರ್‌ಕಿರ್ ಕೂಡ ಕೇಳಿಸಿತು. ಎಷ್ಟು ಬಡಕೊಂಡರೂ ನೀನು ಎಣ್ಣೆ ಹಾಕದೆ ಬಿಟ್ಟ ಚೈನು.

ನಿನ್ನ ಆ ಕೊನೆಯ ದಿನ ಗೇಟಿನಲ್ಲಿ ಎಲ್ಲರೆದುರು ನೀನು, "ಆಮೆ ಮುಂದಿರಲಿ, ಇಲ್ದಿದ್ರೆ ಕಾದು ಕಾದು ಸಾಕಾಗತ್ತೆ" ಅಂದು ನಕ್ಕೆ. ನಲವತ್ತು ದಾಟಿದ ನಾನು ಚಿಕ್ಕ ಹುಡುಗನ ಹಾಗೆ ನಿನ್ನ ಜೊತೆ ಠೂ ಬಿಟ್ಟೆ. ದಾರಿಯುದ್ದಕ್ಕೂ ಒಂದು ಸಲವೂ "ಗುಂಡಿ" ಅಂತ ಕೂಗಲಿಲ್ಲ. ಬಾವಿ ತಿರುವಿನಲ್ಲಿ ನೀನು ಬಿದ್ದ ಸದ್ದಿಗೇ ನಾನು ಹಿಂದೆ ತಿರುಗಿದ್ದು.

ಅಲ್ಲಿ ಈಗ ಗುಂಡಿಯಿಲ್ಲ. ಡಾಂಬರು ಹಾಕಿ ನುಣ್ಣಗೆ ಮಾಡಿದ್ದಾರೆ. ಆದರೂ ಇವತ್ತು ಗಂಟಲು ಹರಿಯುವ ಹಾಗೆ "ಗುಂಡಿ!" ಅಂತ ಕೂಗಿದೆ.

ಚೈನಿನ ಸದ್ದು ನೀನು ಬಿದ್ದಲ್ಲೇ ನಿಂತಿತು. ಈ ಸಲ "ಕಂಡೆ!" ಬರಲಿಲ್ಲ.

ನಿನ್ನ ಆಮೆ